ಹಾದುಹೋಗುವ ನೌಕೆಗೆ ಯಾವ ರೋಹಿತಮಾಪಕ?

1999ರ ಆಗಸ್ಟ್ 18ರಂದು ಕ್ಯಾಸಿನಿ ನೌಕೆ ಶನಿಗೆ ಹೋಗುವ ದಾರಿಯಲ್ಲಿ ಭೂಮಿಯ ಪಕ್ಕ ಹಾದುಹೋಯಿತು. ದಾರಿಯಲ್ಲಿ ಚಂದ್ರನೂ ಸಿಕ್ಕ. ನೌಕೆಯಲ್ಲಿದ್ದ 'ವಿಮ್ಸ್' ಎಂಬ ರೋಹಿತಮಾಪಕ ಚಂದ್ರನಿಂದ ಬಂದ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ ದಾಖಲಿಸಿಕೊಂಡಿತು. ಆ ದಾಖಲೆಯಲ್ಲಿ, ಅಂದರೆ ರೋಹಿತದಲ್ಲಿ, 3 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಆಸುಪಾಸು ಒಂದು ತಗ್ಗಿತ್ತು. ನೀರು, ಇಲ್ಲವೇ ಅದರ ತುಣುಕಾದ ಹೈಡ್ರಾಕ್ಸಿಲ್, ಬೆಳಕನ್ನು ಹೀರಿದ ಗುರುತು ಅದು. ಈ ಸಂಗತಿ ಲೋಕಕ್ಕೆ ತಿಳಿದದ್ದು ಹತ್ತು ವರ್ಷದ ಮೇಲೆ, 2009ರ ಸೆಪ್ಟೆಂಬರಿನಲ್ಲಿ. ನಮ್ಮ ಚಂದ್ರಯಾನ-1 ಹೊತ್ತೊಯ್ದಿದ್ದ ನಾಸಾದ 'ಎಂ-ತ್ರೀ' ಉಪಕರಣ ಅದೇ ತಗ್ಗನ್ನು ಕಂಡಾಗ ಹಳೆಯ ದಾಖಲೆಯೂ ಹೊರಗೆ ಬಂತು.

ಎಂ-ತ್ರೀ ನೋಡಬಲ್ಲದ್ದು 3 ಮೈಕ್ರಾನ್‌ವರೆಗೆ ಮಾತ್ರ. ಹಾಗಾಗಿ ತಗ್ಗಿನ ಈಚೆ ದಡ ಕಂಡಿತು, ಆಚೆ ದಡ ಕಾಣಲಿಲ್ಲ. ಸಾಲದ್ದಕ್ಕೆ, ಬಿಸಿಲಿಗೆ ಕಾದ ಚಂದ್ರನ ನೆಲ ತಾನೇ ಸೂಸುವ ಶಾಖವೂ ಅದೇ ಜಾಗದಲ್ಲಿ ಬಂದು ಬೆರೆಯುತ್ತದೆ. 5.1 ಮೈಕ್ರಾನ್‌ವರೆಗೆ ಹೋಗುವ ವಿಮ್ಸ್ ದಾಖಲೆ ಮತ್ತು 2009ರ ಜೂನ್‌ನಲ್ಲಿ ಚಂದ್ರನನ್ನು ನೋಡಿದ್ದ ಡೀಪ್ ಇಂಪ್ಯಾಕ್ಟ್ ನೌಕೆಯ 4.8 ಮೈಕ್ರಾನ್‌ವರೆಗಿನ ದಾಖಲೆ, ಇವೆರಡೂ ಜೊತೆಗೆ ನಿಂತ ಮೇಲೆ ಮಾತಿಗೆ ಬಲ ಬಂತು. ಮುಂದೆ ಚಂದ್ರಯಾನ-2ರ 'ಐಐಆರ್‌ಎಸ್' ಉಪಕರಣವನ್ನು 0.8ರಿಂದ 5 ಮೈಕ್ರಾನ್‌ವರೆಗೆ ಚಾಚಿದರು. ಆ ತಗ್ಗು ಈಗ ಎರಡೂ ದಡಗಳ ಸಮೇತ ಸಿಗುತ್ತದೆ.

ಗ್ರಹಯಾನದ ವಿನ್ಯಾಸ ಸ್ಪರ್ಧೆಗೆ ತಂಡ ಕಟ್ಟುತ್ತಿರುವವರಿಗೆ, ಎಂಎಸ್ಸಿ ಪ್ರಾಜೆಕ್ಟಿಗೆ ಯಾವ ನೌಕೆಯ ಯಾವ ಉಪಕರಣದ ದತ್ತಾಂಶ ಹಿಡಿಯಲಿ ಎಂದು ತಡಕಾಡುತ್ತಿರುವವರಿಗೆ ನಾನು ಮೊದಲು ಹೇಳುವುದು ಈ ಕತೆಯನ್ನೇ. ಉಪಕರಣ ಎಷ್ಟು ಸೂಕ್ಷ್ಮ, ಎಷ್ಟು ಹೊಸತು ಎನ್ನುವುದು ಆಮೇಲಿನ ಮಾತು. ನೀವು ಹುಡುಕುವ ವಸ್ತು ಯಾವ ತರಂಗಾಂತರದಲ್ಲಿ ಸಹಿ ಹಾಕುತ್ತದೆ, ನಿಮ್ಮ ಉಪಕರಣ ಅಲ್ಲಿವರೆಗೆ ಮುಟ್ಟುತ್ತದೆಯೇ ಎನ್ನುವುದು ಮೊದಲು. ಉಡಾವಣೆಯಾದ ಮೇಲೆ ಅದನ್ನು ಬದಲಿಸಲು ಯಾರಿಂದಲೂ ಆಗದು.

ಕಡಿಮೆ ಇರುವುದು ಹೊತ್ತು

ಸುತ್ತುವ ನೌಕೆಗೆ ಇವತ್ತು ತಪ್ಪಿದ್ದು ನಾಳೆ ಸಿಗುತ್ತದೆ. ಹಾದುಹೋಗುವ ನೌಕೆಗೆ ಆ ಭಾಗ್ಯ ಇಲ್ಲ. ನ್ಯೂ ಹೊರೈಜನ್ಸ್ 2015ರ ಜುಲೈ 14ರಂದು ಪ್ಲೂಟೊದ ನೆಲದಿಂದ ಸುಮಾರು 12,500 ಕಿ.ಮೀ. ದೂರದಲ್ಲಿ, ಸೆಕೆಂಡಿಗೆ ಸುಮಾರು 14 ಕಿ.ಮೀ. ವೇಗದಲ್ಲಿ ದಾಟಿತು. ಪ್ಲೂಟೊದ ವ್ಯಾಸ 2,377 ಕಿ.ಮೀ. ಅಷ್ಟು ದೂರ ಸಾಗಲು ನೌಕೆಗೆ ಮೂರು ನಿಮಿಷವೂ ಬೇಕಿರಲಿಲ್ಲ. ಒಂಬತ್ತೂವರೆ ವರ್ಷದ ಪಯಣಕ್ಕೆ ಸಿಕ್ಕ ಹತ್ತಿರದ ನೋಟ ಕೆಲವೇ ಗಂಟೆಗಳದ್ದು.

ಹೊತ್ತಿನ ಜೊತೆಗೆ ಬೆಳಕಿನ ಕೊರತೆಯೂ ಸೇರುತ್ತದೆ. ಪ್ಲೂಟೊ ಆಗ ಸೂರ್ಯನಿಂದ ಭೂಮಿಗಿಂತ ಸುಮಾರು 33 ಪಟ್ಟು ದೂರದಲ್ಲಿತ್ತು. ಹಾಗಾಗಿ ಅಲ್ಲಿನ ಬಿಸಿಲು ನಮ್ಮದರ ಸಾವಿರದ ಒಂದು ಪಾಲಿನಷ್ಟು. ರೋಹಿತಮಾಪಕ ಆ ಬಡ ಬೆಳಕನ್ನೂ ನೂರಾರು ಭಾಗ ಮಾಡಬೇಕು. ಮಳೆಗಾಲದಲ್ಲಿ ಸೂರಿನ ನೀರಿಗೆ ಒಂದು ಹಂಡೆ ಇಟ್ಟರೆ ಸ್ವಲ್ಪ ಹೊತ್ತಿಗೇ ತಳ ಮುಚ್ಚಿ ಮೇಲೇರುತ್ತದೆ. ಅದೇ ನೀರನ್ನು 256 ಲೋಟಗಳಿಗೆ ಹಂಚಿದರೆ ಒಂದೊಂದರಲ್ಲೂ ನಾಲ್ಕು ಹನಿ. ತರಂಗಾಂತರವನ್ನು ಸಣ್ಣಗೆ ಸೀಳಿದಷ್ಟೂ ಕಾಯಬೇಕು, ಕಾದಷ್ಟೂ ನೌಕೆ ಮುಂದೆ ಸಾಗಿ ಚಿತ್ರ ಕಲೆಸುತ್ತದೆ. ಮುಂದೆ ಬರುವ ಒಂದೊಂದು ಉಪಕರಣವನ್ನೂ ಈ ಜಗ್ಗಾಟದಲ್ಲಿಟ್ಟು ತೂಗಿ.

ನೇರಳಾತೀತ: ತೆಳು ಗಾಳಿಗೆ

ಸಾರಜನಕ ಮತ್ತು ಜಲಜನಕದ ಅಣುಗಳು, ಹೀಲಿಯಂನಂಥ ಜಡಾನಿಲಗಳು ಅವಕೆಂಪಿನಲ್ಲಿ, ಅಂದರೆ ಕೆಂಪಿಗಿಂತ ಉದ್ದ ತರಂಗಾಂತರದ, ಕಣ್ಣಿಗೆ ಕಾಣದ ಬೆಳಕಿನಲ್ಲಿ, ಬಹುಮಟ್ಟಿಗೆ ಮೂಕ. ಸಾರಜನಕದ ಅಣುವಿನಲ್ಲಿ ಎರಡು ಸಮಾನ ಪರಮಾಣುಗಳು ಕಂಪಿಸಿದರೂ ವಿದ್ಯುತ್ತಿನ ಹಂಚಿಕೆ ಏರುಪೇರಾಗದು, ಹಾಗಾಗಿ ಅದು ಅವಕೆಂಪು ಬೆಳಕಿಗೆ ಓಗೊಡುವುದಿಲ್ಲ. ನೇರಳಾತೀತದಲ್ಲಿ ಮಾತ್ರ ಅದು ಚೆನ್ನಾಗಿ ಹೀರುತ್ತದೆ. ಗಾಳಿಯಲ್ಲಿ ಸಾರಜನಕವೇ ಮುಖ್ಯವಾಗಿರುವ ಪ್ಲೂಟೊ, ಶನಿಯ ಚಂದ್ರ ಟೈಟನ್‌ಗಳಿಗೆ ಹೋಗುವವರು ನೇರಳಾತೀತ ಬಿಟ್ಟು ಹೋಗಬಾರದು ಎನ್ನಲು ಇದೇ ಕಾರಣ.

ಇದರ ನಿಜವಾದ ಬಲ ಇರುವುದು ಮರೆಯಾಗುವ ಗಳಿಗೆಯಲ್ಲಿ. ಪ್ಲೂಟೊವನ್ನು ದಾಟಿ ಸುಮಾರು ಒಂದು ಗಂಟೆಗೆ ನ್ಯೂ ಹೊರೈಜನ್ಸ್ ಅದರ ನೆರಳಿಗೆ ಹೊಕ್ಕಿತು. ಸೂರ್ಯ ಪ್ಲೂಟೊದ ಅಂಚಿನ ಹಿಂದೆ ಮುಳುಗುವಾಗ 'ಆಲಿಸ್' ಎಂಬ ನೇರಳಾತೀತ ರೋಹಿತಮಾಪಕ ಸೂರ್ಯನನ್ನೇ ದಿಟ್ಟಿಸುತ್ತಿತ್ತು. ಮೊದಲು ಮೇಲಿನ ಸಾರಜನಕ ಬೆಳಕನ್ನು ಹೀರಿತು, ಇನ್ನೂ ಕೆಳಗೆ ಮೀಥೇನ್, ಅಸಿಟಿಲೀನ್, ಎಥಿಲೀನ್, ಈಥೇನ್‌ಗಳು. ಮೇಲಿನ ಗಾಳಿ ಎಣಿಸಿದ್ದಕ್ಕಿಂತ ತಣ್ಣಗಿದೆ, ಹಾಗಾಗಿ ಬಾಹ್ಯಾಕಾಶಕ್ಕೆ ಸೋರುವುದೂ ತೀರಾ ಕಡಿಮೆ ಎಂದು ತಿಳಿದದ್ದು ಆ ಅಳತೆಯಿಂದ. ಇಲ್ಲಿ ಬೆಳಕಿನ ಬಡತನ ಕಾಡುವುದಿಲ್ಲ, ಏಕೆಂದರೆ ಮೂಲ ಸೂರ್ಯನೇ. ಗ್ರಹದ ಹಿಂದೆ ನಕ್ಷತ್ರ ಮರೆಯಾಗುವುದನ್ನು ಕಾದು ನೋಡುವ ಈ ವಿದ್ಯೆ ನಮಗೆ ಹೊಸತಲ್ಲ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡುವಾಗ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ತಮಿಳುನಾಡಿನ ಕಾವಲೂರಿನಿಂದ ಕಣ್ಣಿಟ್ಟಿದ್ದರು. ಯುರೇನಸ್ಸಿನ ಉಂಗುರಗಳು ಪತ್ತೆಯಾದದ್ದು ಅದೇ ಘಟನೆಯಲ್ಲಿ.

ಕೊರತೆಯನ್ನೂ ಹೇಳಬೇಕು. ಮ್ಯಾರಿನರ್ 10 ನೌಕೆ 1974 ಮತ್ತು 1975ರಲ್ಲಿ ಮೂರು ಸಲ ಬುಧನ ಪಕ್ಕ ಹಾದುಹೋಯಿತು. ಅದರ ನೇರಳಾತೀತ ಉಪಕರಣ ಬುಧನ ಸುತ್ತಲಿನ ಅತಿ ತೆಳು ಹೊದಿಕೆಯಲ್ಲಿ ಜಲಜನಕ, ಹೀಲಿಯಂ ಕಂಡಿತು. ಸೋಡಿಯಂ ಕಾಣಲಿಲ್ಲ. ಸೋಡಿಯಂ ಹೊಳೆಯುವುದು 589 ನ್ಯಾನೊಮೀಟರ್‌ನಲ್ಲಿ, ನಮ್ಮ ಬೀದಿಗಳಲ್ಲಿ ಮೊನ್ನೆಮೊನ್ನೆಯವರೆಗೂ ಉರಿಯುತ್ತಿದ್ದ ಹಳದಿ ದೀಪಗಳ ಬಣ್ಣದಲ್ಲಿ. ಮೂರು ಸಲ ಹತ್ತಿರ ಹೋದ ನೌಕೆಗೆ ಸಿಗದ ಆ ಸೋಡಿಯಂ 1985ರಲ್ಲಿ ಭೂಮಿಯ ಮೇಲಿನ ದೂರದರ್ಶಕಕ್ಕೆ ಸಿಕ್ಕಿತು. ಮುಂದೆ ಮೆಸೆಂಜರ್ ನೌಕೆಯಲ್ಲಿ ನೇರಳಾತೀತದಿಂದ ಅವಕೆಂಪಿನ ಹೊಸ್ತಿಲವರೆಗೆ ಚಾಚಿದ ಉಪಕರಣ ಇಟ್ಟರು. 2008ರ ಅಕ್ಟೋಬರ್ 6ರ ಎರಡನೇ ಹಾದುಹೋಗುವಿಕೆಯಲ್ಲೇ ಅದು ಬುಧನ ಹೊದಿಕೆಯಲ್ಲಿ ಮೆಗ್ನೀಷಿಯಂ ಕಂಡಿತು.

ನೆಲದ ವಿಷಯಕ್ಕೆ ಬಂದರೆ ನೇರಳಾತೀತದಿಂದ ಸಿಗುವುದು ಕಡಿಮೆ. ನೆಲವೇ ನಿಮ್ಮ ಗುರಿಯಾದರೆ ಮುಂದಿನದನ್ನು ನೋಡಿ.

ಸಮೀಪ ಅವಕೆಂಪು: ನೆಲಕ್ಕೆ, ಮಂಜುಗಡ್ಡೆಗೆ, ಮೋಡದ ಕಿಟಕಿಗಳಿಗೆ

ಒಂದೇ ಉಪಕರಣಕ್ಕೆ ಜಾಗ ಇದೆ ಎಂದರೆ, ಹೆಚ್ಚಿನ ಕಡೆ ನಾನು ಕೈ ಹಾಕುವುದು ಇದಕ್ಕೇ. ಸುಮಾರು 1ರಿಂದ 5 ಮೈಕ್ರಾನ್‌ವರೆಗಿನ ಈ ಹರವಿನಲ್ಲಿ ಖನಿಜ, ಮಂಜುಗಡ್ಡೆ, ಅನಿಲ ಮೂರೂ ಗುರುತು ಬಿಡುತ್ತವೆ. ಪ್ಲೂಟೊದಲ್ಲಿ 'ಲೀಸಾ' ಎಂಬ ಉಪಕರಣ 1.25ರಿಂದ 2.5 ಮೈಕ್ರಾನ್‌ವರೆಗೆ ನೋಡಿ ಮೀಥೇನ್, ಸಾರಜನಕ, ಕಾರ್ಬನ್ ಮಾನಾಕ್ಸೈಡ್, ನೀರು ಇವು ಎಲ್ಲೆಲ್ಲಿ ಹೆಪ್ಪುಗಟ್ಟಿವೆ ಎಂಬ ನಕ್ಷೆ ಕೊಟ್ಟಿತು. ಗಾಳಿಯಲ್ಲಿ ಮೂಕವಾದ ಸಾರಜನಕ ಹೆಪ್ಪುಗಟ್ಟಿ ಅಣುಗಳು ಒತ್ತೊತ್ತಾದಾಗ 2.15 ಮೈಕ್ರಾನ್‌ನಲ್ಲಿ ಒಂದು ದುರ್ಬಲ ಗುರುತು ಬಿಡುತ್ತದೆ. ಅದೇ ವಸ್ತು ಗಾಳಿಯಲ್ಲಿದ್ದಾಗ ಒಂದು ಉಪಕರಣಕ್ಕೆ, ನೆಲದಲ್ಲಿದ್ದಾಗ ಇನ್ನೊಂದಕ್ಕೆ ಸಿಗುತ್ತದೆ ಎನ್ನುವುದು ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ.

ಮೋಡ ಮುಚ್ಚಿದ ಲೋಕಗಳಲ್ಲೂ ಇದು ಕೈಬಿಡುವುದಿಲ್ಲ. ಗೆಲಿಲಿಯೊ ನೌಕೆ ಗುರುಗ್ರಹಕ್ಕೆ ಹೋಗುವಾಗ 1990ರ ಫೆಬ್ರವರಿ 10ರಂದು ಶುಕ್ರನನ್ನು ದಾಟಿತು. ಅದರ ಸಮೀಪ ಅವಕೆಂಪು ರೋಹಿತಮಾಪಕ ಶುಕ್ರನ ರಾತ್ರಿಯ ಬದಿಯನ್ನು ನೋಡಿತು. ಕೆಳಗಿನ ಬಿಸಿ ಗಾಳಿಯ ಹೊಳಪು 1.74 ಮತ್ತು 2.3 ಮೈಕ್ರಾನ್‌ಗಳಲ್ಲಿ ಇಂಗಾಲದ ಡೈಆಕ್ಸೈಡ್ ಹೀರದೆ ಬಿಟ್ಟ ಸಂದುಗಳಿಂದ ಹೊರಬರುತ್ತದೆ, ಮೋಡದ ದಪ್ಪ ತೆಳು ಅದರಲ್ಲಿ ನೆರಳಾಗಿ ಕಾಣುತ್ತದೆ. 1.18 ಮೈಕ್ರಾನ್‌ನಲ್ಲಂತೂ ನೆಲದ ಶಾಖವೇ ಮೇಲೆ ಬಂದು ಎತ್ತರ ತಗ್ಗುಗಳ ಸುಳಿವು ಕೊಟ್ಟಿತು. ಹಗಲಿನ ಬದಿಯಲ್ಲಿ ಈ ಮಂದ ಹೊಳಪನ್ನು ಬಿಸಿಲು ಮುಳುಗಿಸಿಬಿಡುತ್ತದೆ. ಶುಕ್ರನಿಗೆ ಯೋಜನೆ ಹಾಕುವವರು ನೌಕೆ ರಾತ್ರಿಯ ಬದಿಯನ್ನು ಎಷ್ಟು ಹೊತ್ತು ನೋಡುತ್ತದೆ ಎಂಬುದನ್ನು ಪಥದ ಲೆಕ್ಕದಲ್ಲೇ ಸೇರಿಸಬೇಕು. ಟೈಟನ್‌ನಲ್ಲೂ ಮೀಥೇನ್ ಹೀರದ ಸಂದುಗಳಿವೆ. ವಿಮ್ಸ್ ಅವುಗಳ ಮೂಲಕವೇ ನೆಲ ನೋಡಿ ದಕ್ಷಿಣದ ಒಂದು ಸರೋವರದಲ್ಲಿ ದ್ರವ ಈಥೇನ್ ಗುರುತಿಸಿತು.

ಎಚ್ಚರ ಬೇಕಾದ್ದು ಓದುವಾಗ. 1969ರ ಆಗಸ್ಟ್ 5ರಂದು ಮಂಗಳವನ್ನು ದಾಟಿದ ಮ್ಯಾರಿನರ್ 7ರ ಅವಕೆಂಪು ರೋಹಿತಮಾಪಕ ದಕ್ಷಿಣ ಧ್ರುವದ ಬಿಳಿ ಟೊಪ್ಪಿಗೆಯ ಅಂಚಿನಲ್ಲಿ ಕೆಲವು ತಗ್ಗುಗಳನ್ನು ತೋರಿಸಿತು. ಉಪಕರಣದ ಮುಖ್ಯಸ್ಥ ಜಾರ್ಜ್ ಪಿಮೆಂಟೆಲ್ ತಂಡ ಅವು ಮೀಥೇನ್ ಮತ್ತು ಅಮೋನಿಯ ಎಂದು ಪತ್ರಕರ್ತರ ಮುಂದೆ ಹೇಳಿತು. ಜೀವದ ಮಾತು ಎದ್ದಿತು. ಆಮೇಲೆ ನೋಡಿದರೆ ಹೆಪ್ಪುಗಟ್ಟಿದ ಇಂಗಾಲದ ಡೈಆಕ್ಸೈಡಿಗೂ ಅದೇ ತಗ್ಗುಗಳು, ಅಂದರೆ ಅದೇ ಗೆರೆಗಳು, ಇದ್ದವು. ತಂಡ ತನ್ನ ಮಾತನ್ನು ಹಿಂತೆಗೆದುಕೊಂಡಿತು. ಅನಿಲದ ಗೆರೆಗಳಷ್ಟೇ ನಿಮ್ಮ ಕೈಯಲ್ಲಿದ್ದರೆ ಸಾಲದು, ಅದೇ ಶೀತದಲ್ಲಿ ಹೆಪ್ಪುಗಟ್ಟಿದ ವಸ್ತುಗಳ ಪ್ರಯೋಗಾಲಯದ ರೋಹಿತಗಳೂ ಬೇಕು.

ಉಷ್ಣ ಅವಕೆಂಪು: ಕತ್ತಲಲ್ಲೂ ನೋಡುವ ಕಣ್ಣು, ಆದರೆ ನಿಧಾನ

ಐದಾರು ಮೈಕ್ರಾನ್ ಆಚೆಗೆ ಬಿಸಿಲಿನ ಹಂಗಿಲ್ಲ. ಗ್ರಹ ತಾನೇ ಸೂಸುವ ಶಾಖವನ್ನು ಓದುತ್ತೇವೆ. ವಾಯೇಜರ್ 1 ನೌಕೆಯ 'ಐರಿಸ್' 1980ರ ನವೆಂಬರ್ 12ರಂದು ಟೈಟನ್ ದಾಟುವಾಗ ಪ್ರೊಪೇನ್, ಹೈಡ್ರೋಜನ್ ಸಯನೈಡ್, ಸಯನೋಜನ್, ಡೈಅಸಿಟಿಲೀನ್ ಹೀಗೆ ಒಂದು ಅಡುಗೆಮನೆಯಷ್ಟು ಸಾವಯವ ಅನಿಲಗಳನ್ನು ಹೆಕ್ಕಿಕೊಟ್ಟಿತು. ಅದೇ ಹೊತ್ತಿಗೆ ಕ್ಯಾಮೆರಾಗಳು ತೋರಿಸಿದ್ದು ಕಿತ್ತಳೆ ಬಣ್ಣದ ಮಬ್ಬು ಮಾತ್ರ.

ಇಲ್ಲಿ ಉಪಕರಣದ ಒಳರಚನೆಯ ಆಯ್ಕೆ ಬರುತ್ತದೆ. ಐರಿಸ್ ಒಂದು ವ್ಯತಿಕರಣಮಾಪಕ, ಬೆಳಕನ್ನು ಎರಡಾಗಿ ಸೀಳಿ ಮತ್ತೆ ಕೂಡಿಸಿ ಓದುವ ಉಪಕರಣ. ಒಳಗಿನ ಕನ್ನಡಿ ಸರಿಯುತ್ತಾ ಹೋಗುತ್ತದೆ, ಒಂದು ಪೂರ್ತಿ ರೋಹಿತಕ್ಕೆ 45.6 ಸೆಕೆಂಡ್ ಹಿಡಿಯುತ್ತದೆ. ಅದರ ನೋಟದ ಅಗಲ ಕಾಲು ಡಿಗ್ರಿ. ಒಂದು ಲಕ್ಷ ಕಿ.ಮೀ. ದೂರದಿಂದ ಅದು ಸುಮಾರು 440 ಕಿ.ಮೀ. ಅಗಲದ ಒಂದೇ ಚುಕ್ಕೆ. ಅಷ್ಟೇ ದೂರದಿಂದ ಲೀಸಾದ ಒಂದು ಚುಕ್ಕೆ ಸುಮಾರು 6 ಕಿ.ಮೀ. ಇಷ್ಟು ನೋಡಿ ಐರಿಸ್ ಹಳೆಯದು, ಒರಟು ಎಂದು ತಳ್ಳಬೇಡಿ. ಒತ್ತೊತ್ತಾದ ಅನಿಲದ ಗೆರೆಗಳನ್ನು ಬಿಡಿಸುವ ಸೂಕ್ಷ್ಮತೆ ಅದಕ್ಕಿತ್ತು, ಮತ್ತು ಗಾಳಿಯ ಮಿಶ್ರಣ 440 ಕಿ.ಮೀ.ಯಲ್ಲಿ ಅಷ್ಟೇನೂ ಬದಲಾಗುವುದಿಲ್ಲ. ಖನಿಜಗಳು ಹಾಗಲ್ಲ, ಒಂದು ಕುಳಿಯಿಂದ ಪಕ್ಕದ ಕುಳಿಗೆ ಬದಲಾಗುತ್ತವೆ. ಆದರೆ ಅವುಗಳ ಗುರುತು ಅಗಲ, ಒರಟಾಗಿ ಸೀಳಿದರೂ ಸಿಗುತ್ತದೆ. ಗಾಳಿಗೆ ಸೂಕ್ಷ್ಮ ರೋಹಿತ, ನೆಲಕ್ಕೆ ಸೂಕ್ಷ್ಮ ಚಿತ್ರ. ಹೊತ್ತು ಕಡಿಮೆಯಿರುವ ಕಡೆ ಎರಡನ್ನೂ ಒಂದೇ ಉಪಕರಣದಿಂದ ಕೇಳಿದರೆ ಎರಡೂ ಅರೆಬರೆ ಆಗುತ್ತವೆ.

ಲೀಸಾದ ಉಪಾಯ ಬೇರೆ. ಅದರ ಸಂವೇದಕದ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ತರಂಗಾಂತರ ಬದಲಾಗುತ್ತಾ ಹೋಗುವ ಸೋಸುಗ (ಫಿಲ್ಟರ್) ಕೂತಿದೆ. ಅಲುಗುವ ಭಾಗ ಒಂದೂ ಇಲ್ಲ. ನೌಕೆ ನಿಧಾನವಾಗಿ ಹೊರಳಿದಂತೆ ನೆಲದ ಒಂದೊಂದು ಜಾಗವೂ ಒಂದೊಂದೇ ತರಂಗಾಂತರದ ಸಾಲನ್ನು ದಾಟುತ್ತದೆ. ಹಗುರ, ಗಟ್ಟಿಮುಟ್ಟು. ಆದರೆ ಒಂದೇ ಜಾಗದ ಬೇರೆ ಬೇರೆ ಬಣ್ಣಗಳು ಬೇರೆ ಬೇರೆ ಕ್ಷಣದವು, ಅಷ್ಟರಲ್ಲಿ ನೌಕೆಯೂ ಹತ್ತಿರ ಬಂದಿರುತ್ತದೆ. ಅವನ್ನೆಲ್ಲ ಒಂದರ ಮೇಲೊಂದು ಕೂರಿಸುವ ದುಡಿಮೆ ದತ್ತಾಂಶ ಹಿಡಿದವರ ಪಾಲಿಗೆ. ಮೂರು ತಿಂಗಳ ಪ್ರಾಜೆಕ್ಟಿಗೆ ಇದನ್ನು ಆರಿಸುವ ಮುನ್ನ ಯೋಚಿಸಿ.

ಉಷ್ಣ ಅವಕೆಂಪಿನ ಇನ್ನೊಂದು ಗಡಿ ಗುರಿಯ ತಾಪ. 300 ಕೆಲ್ವಿನ್‌ನ (ಸುಮಾರು 27 ಡಿಗ್ರಿ ಸೆಲ್ಸಿಯಸ್) ನೆಲ ಹೆಚ್ಚು ಸೂಸುವುದು 10 ಮೈಕ್ರಾನ್ ಹತ್ತಿರ. 40 ಕೆಲ್ವಿನ್‌ನ ಪ್ಲೂಟೊಗೆ ಅದು 70 ಮೈಕ್ರಾನ್ ದಾಟುತ್ತದೆ, ಬರುವ ಶಾಖವೂ ತೀರಾ ಅಲ್ಪ. ಬುಧನಿಗೆ ಚಿನ್ನದಂಥ ಉಪಕರಣ ಪ್ಲೂಟೊಗೆ ಹೊರೆ.

ಉಳಿದವು

ಸೂಕ್ಷ್ಮತರಂಗ (ಮೈಕ್ರೊವೇವ್) ದಪ್ಪ ಮೋಡದ ಕೆಳಗಿನ ಪ್ರಶ್ನೆಗಳಿಗೆ. 1962ರ ಡಿಸೆಂಬರ್ 14ರಂದು ಮ್ಯಾರಿನರ್ 2 ಶುಕ್ರನನ್ನು ಸುಮಾರು 35,000 ಕಿ.ಮೀ. ದೂರದಲ್ಲಿ ದಾಟುವಾಗ ಅದರ ಸೂಕ್ಷ್ಮತರಂಗ ಮಾಪಕ ಗ್ರಹದ ಅಂಚು ನಡುವಿಗಿಂತ ಮಂದವಾಗಿದೆ ಎಂದು ತೋರಿಸಿತು. ಶಾಖ ಬರುತ್ತಿರುವುದು ಮೇಲಿನ ಅಯಾನುಮಂಡಲದಿಂದ (ವಿದ್ಯುದಾವೇಶ ಹೊತ್ತ ಕಣಗಳ ಪದರ) ಅಲ್ಲ, ಆಳದ ಸುಡುವ ನೆಲದಿಂದ ಎಂಬುದಕ್ಕೆ ಅದು ಸಾಕ್ಷಿ. ಎರಡೇ ತರಂಗಾಂತರಗಳ ಉಪಕರಣವದು, ಪ್ರಶ್ನೆ ಸರಿಯಾಗಿತ್ತು.

ಗಾಮಾ ಮತ್ತು ನ್ಯೂಟ್ರಾನ್ ರೋಹಿತಮಾಪಕಗಳು ಒಂದೇ ಸಲ ಹಾದುಹೋಗುವ ನೌಕೆಗೆ ಹೇಳಿಮಾಡಿಸಿದ್ದಲ್ಲ. ನೆಲಕ್ಕೆ ತೀರಾ ಹತ್ತಿರ, ವಾರಗಟ್ಟಲೆ ಎಣಿಸಿದರೆ ಮಾತ್ರ ಅವು ಮೂಲವಸ್ತುಗಳ ಪ್ರಮಾಣ ಹೇಳುತ್ತವೆ.

ದ್ರವ್ಯರಾಶಿ ರೋಹಿತಮಾಪಕ ನೋಡುವುದಿಲ್ಲ, ಮೂಸುತ್ತದೆ; ಒಳಗೆ ಬಂದ ಅಣುಗಳನ್ನು ಅವುಗಳ ತೂಕದಿಂದ ಗುರುತಿಸುತ್ತದೆ. ಅನಿಲದ ಒಳಗೇ ನುಗ್ಗಿ ಹೋಗುವ ಧೈರ್ಯ ನಿಮ್ಮ ಪಥಕ್ಕಿದ್ದರೆ ಅದಕ್ಕೆ ಸಾಟಿಯಿಲ್ಲ. 2015ರ ಅಕ್ಟೋಬರ್ 28ರಂದು ಕ್ಯಾಸಿನಿ ಶನಿಯ ಚಂದ್ರ ಎನ್ಸೆಲಾಡಸ್‌ನ ನೆಲದಿಂದ ಬರೀ 49 ಕಿ.ಮೀ. ಮೇಲೆ ಅದರ ಚಿಲುಮೆಯೊಳಗೆ ನುಗ್ಗಿ ಜಲಜನಕದ ಅಣುಗಳನ್ನು ಹಿಡಿಯಿತು. ಹಿಮದಡಿಯ ಕಡಲಲ್ಲಿ ಬಿಸಿನೀರು ಬಂಡೆಯೊಂದಿಗೆ ಕೂಡಿ ರಸಾಯನ ನಡೆಸುತ್ತಿದೆ ಎಂಬ ವಾದಕ್ಕೆ ಅದೇ ಆಧಾರ. ಅವಕೆಂಪಿನಲ್ಲಿ ಮೂಕವಾದ ಅದೇ ಜಲಜನಕ!

ಒಂದೇ ದಿನ, ನಾಲ್ಕು ಉಪಕರಣ

ಹೋಲಿಕೆಗೆ ಇದಕ್ಕಿಂತ ಒಳ್ಳೆಯ ದಿನ ನನಗೆ ಗೊತ್ತಿಲ್ಲ: 2005ರ ಜುಲೈ 14. ಪ್ಲೂಟೊದ ದಿನಕ್ಕೆ ಸರಿಯಾಗಿ ಹತ್ತು ವರ್ಷ ಮೊದಲು. ಕ್ಯಾಸಿನಿ ಅಂದು ಎನ್ಸೆಲಾಡಸ್ ಅನ್ನು ಸುಮಾರು 170 ಕಿ.ಮೀ. ಎತ್ತರದಲ್ಲಿ ದಾಟಿತು. ಉಷ್ಣ ಅವಕೆಂಪು ಉಪಕರಣ ದಕ್ಷಿಣ ಧ್ರುವದ ಬಿರುಕುಗಳು ಬೆಚ್ಚಗಿವೆ, ಕೆಲವೆಡೆ 145 ಕೆಲ್ವಿನ್‌ಗೂ ಕಡಿಮೆಯಿಲ್ಲ ಎಂದಿತು. ವಿಮ್ಸ್ ಅದೇ ಬಿರುಕುಗಳಲ್ಲಿ ಹರಳುಗಟ್ಟಿದ ಹೊಸ ಮಂಜುಗಡ್ಡೆ ಮತ್ತು ಸಾವಯವ ವಸ್ತುವಿನ ಗುರುತು ಕಂಡಿತು. ನೇರಳಾತೀತ ಉಪಕರಣ ಮಹಾವ್ಯಾಧ ಪುಂಜದ ಬೆಲಾಟ್ರಿಕ್ಸ್ ನಕ್ಷತ್ರ ಮರೆಯಾಗುವುದನ್ನು ನೋಡಿತು. ನಕ್ಷತ್ರ ದಕ್ಷಿಣದ ಅಂಚಿನಲ್ಲಿ ಮುಳುಗುವಾಗ ನೀರಾವಿ ಬೆಳಕನ್ನು ಹೀರಿತ್ತು, ಇನ್ನೊಂದು ಅಂಚಿನಲ್ಲಿ ಹೊರಬರುವಾಗ ಏನೂ ಇರಲಿಲ್ಲ. ಅಂದರೆ ಇದು ಎನ್ಸೆಲಾಡಸ್ ಅನ್ನೆಲ್ಲ ಸುತ್ತಿದ ಗಾಳಿಯಲ್ಲ, ದಕ್ಷಿಣದಿಂದ ಚಿಮ್ಮುವ ಆವಿ. ದ್ರವ್ಯರಾಶಿ ರೋಹಿತಮಾಪಕ ಅದು ಬಹುಪಾಲು ನೀರು, ಜೊತೆಗೆ ಇಂಗಾಲದ ಡೈಆಕ್ಸೈಡ್, ಮೀಥೇನ್ ಇದೆ ಎಂದು ಹೇಳಿತು.

ಇವುಗಳಲ್ಲಿ ಒಂದನ್ನು ತೆಗೆದು ನೋಡಿ. ಉಷ್ಣ ಉಪಕರಣ ಇಲ್ಲದಿದ್ದರೆ ಚಿಲುಮೆಯ ಹಿಂದಿನ ಶಾಖ ಗೊತ್ತಾಗುತ್ತಿರಲಿಲ್ಲ. ನೇರಳಾತೀತ ಇಲ್ಲದಿದ್ದರೆ ಆವಿ ಎಲ್ಲಿಂದ ಎನ್ನುವುದು ಮಸುಕು. ನಾನು ಕಷ್ಟಪಟ್ಟು ಬಿಟ್ಟುಕೊಡಬಹುದಾದದ್ದು ಅಂದಿನ ಮಟ್ಟಿಗೆ ವಿಮ್ಸ್, ಸಾಮಾನ್ಯವಾಗಿ ನಾನು ಮೊದಲು ಆರಿಸುವ ಸಮೀಪ ಅವಕೆಂಪು! ಕೇಳುವ ಪ್ರಶ್ನೆ ಚಿಮ್ಮುವ ಆವಿಯದಾದಾಗ ಸಾಲು ಬದಲಾಗುತ್ತದೆ.

ನಾನಾದರೆ ಹೀಗೆ ಆರಿಸುತ್ತೇನೆ

ಗಾಳಿಯಿಲ್ಲದ, ಸೂರ್ಯನಿಗೆ ಹತ್ತಿರದ ಕಾಯಕ್ಕೆ 5 ಮೈಕ್ರಾನ್‌ವರೆಗಿನ ಸಮೀಪ ಅವಕೆಂಪು, ಅವಕಾಶವಿದ್ದರೆ ಉಷ್ಣ. 3 ಮೈಕ್ರಾನ್‌ಗೆ ನಿಲ್ಲಿಸಿ ತೂಕ ಉಳಿಸುವ ಪ್ರಸ್ತಾಪಕ್ಕೆ ಒಪ್ಪಬೇಡಿ, ಎಂ-ತ್ರೀ ನೆನಪಿರಲಿ. ಶುಕ್ರನಿಗೆ ರಾತ್ರಿಯ ಬದಿ ಸಿಗುವ ಪಥ ಮತ್ತು ಸಮೀಪ ಅವಕೆಂಪು. ದೂರದ, ಶೀತದ, ತೆಳು ಗಾಳಿಯ ಲೋಕಕ್ಕೆ ನೇರಳಾತೀತ ಮತ್ತು ಸಮೀಪ ಅವಕೆಂಪು ಜೋಡಿ. ನ್ಯೂ ಹೊರೈಜನ್ಸ್ ನೆಚ್ಚಿದ್ದು ಈ ಜೋಡಿಯನ್ನೇ. ಗಾಳಿಯ ಒತ್ತಡ ಬೇಕೆಂದರೆ ರೋಹಿತಮಾಪಕದ ಮೇಲೆ ಭಾರ ಹೊರಿಸಬೇಡಿ, ನೌಕೆಯ ರೇಡಿಯೊ ಸಂಕೇತವನ್ನು ಗಾಳಿಯ ಮೂಲಕ ಹಾಯಿಸಿ. ಟೈಟನ್‌ನ ಒಂದೂವರೆ ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಭೂಮಿಯ ನೆಲಮಟ್ಟದ ಗಾಳಿಯ ಒತ್ತಡ), ಪ್ಲೂಟೊದ ಸುಮಾರು 10 ಮೈಕ್ರೊಬಾರ್ ಎರಡೂ ಸಿಕ್ಕಿದ್ದು ಹಾಗೆಯೇ. ಹಾದುಹೋಗುವಿಕೆಗಳೇ ಹಲವಾರು ಇದ್ದರೆ ಮಾತ್ರ ಎಲ್ಲವನ್ನೂ ಹೊರಬಹುದು. 2024ರ ಅಕ್ಟೋಬರ್ 14ರಂದು ಹೊರಟ ಯುರೋಪಾ ಕ್ಲಿಪ್ಪರ್ ಸುಮಾರು 49 ಸಲ ಗುರುಗ್ರಹದ ಚಂದ್ರ ಯುರೋಪಾವನ್ನು ದಾಟುವ ಲೆಕ್ಕದಲ್ಲಿದೆ, ಹಾಗಾಗಿ ನೇರಳಾತೀತ, ಸಮೀಪ ಅವಕೆಂಪು, ಉಷ್ಣ, ದ್ರವ್ಯರಾಶಿ ನಾಲ್ಕೂ ಅದರ ಮೇಲಿವೆ.

ದತ್ತಾಂಶ ಆರಿಸುವವರಿಗೆ: ನಾಸಾದ ಈ ನೌಕೆಗಳ ದಾಖಲೆಗಳು ಅದರ ಗ್ರಹದತ್ತಾಂಶ ಭಂಡಾರದಲ್ಲಿ ಎಲ್ಲರಿಗೂ ತೆರೆದಿವೆ. ಚಂದ್ರಯಾನ-2ರದ್ದು ಬೆಂಗಳೂರು ಹೊರವಲಯದ ಬ್ಯಾಲಾಳುವಿನಲ್ಲಿರುವ ಇಸ್ರೊ ದತ್ತಾಂಶ ಕೇಂದ್ರದ 'ಪ್ರದಾನ್' ಜಾಲತಾಣದಲ್ಲಿ ಸಿಗುತ್ತದೆ. ಮೊದಲ ಸಲ ರೋಹಿತ ಓದುವವರು ಐಐಆರ್‌ಎಸ್‌ನಿಂದ ಶುರುಮಾಡಿ, ಕೈ ಪಳಗಿದ ಮೇಲೆ ಹಾದುಹೋಗುವ ನೌಕೆಗಳ ದಾಖಲೆಗೆ ಹೋಗಿ ಎನ್ನುತ್ತೇನೆ. ಚಂದ್ರನ ಒಂದೇ ಜಾಗವನ್ನು ಬೇರೆ ಬೇರೆ ಹೊತ್ತಿನಲ್ಲಿ ಹೋಲಿಸಿ ನೋಡುವ ಅನುಕೂಲ ಅಲ್ಲಿದೆ.

ಇನ್ನು ವಿನ್ಯಾಸ ಮಾಡುವವರು ಮರೆಯುವ ಒಂದು ಸಣ್ಣ ಸಂಗತಿ: ಹಾದುಹೋಗುವ ಹೊತ್ತಿಗೆ ಉಪಕರಣದ ಕಣ್ಣು ಯಾವ ಕಡೆಗಿರುತ್ತದೆ, ಅದರ ಮುಂದೆ ಏನಿರುತ್ತದೆ? ಬುಧನಿಗೆ ಹೊರಟಿರುವ ಬೆಪಿಕೊಲಂಬೊ ನೌಕೆಯ 'ಮರ್ಟಿಸ್' 7ರಿಂದ 14 ಮೈಕ್ರಾನ್‌ವರೆಗಿನ ಉಷ್ಣ ರೋಹಿತಮಾಪಕ. ನೌಕೆಯನ್ನು ಅಲ್ಲಿಗೆ ತಳ್ಳಿಕೊಂಡು ಹೋಗುವ ಭಾಗ ಅದರ ಮುಖ್ಯ ಕಿಂಡಿಗೆ ಅಡ್ಡ ಕೂತಿದೆ. ತಂಡದವರು ಕೈಕಟ್ಟಿ ಕೂರಲಿಲ್ಲ. ಬರಿಯ ಆಕಾಶ ನೋಡಿ ಉಪಕರಣವನ್ನು ಸರಿಹೊಂದಿಸಿಕೊಳ್ಳಲು ಇಟ್ಟಿದ್ದ ಇನ್ನೊಂದು ಕಿಂಡಿಯನ್ನೇ 2024ರ ಡಿಸೆಂಬರ್ 1ರಂದು 37,630 ಕಿ.ಮೀ. ದೂರದಿಂದ ಬುಧನ ಕಡೆಗೆ ತಿರುಗಿಸಿ ಅದರ ಉಷ್ಣ ರೋಹಿತ ಹಿಡಿದರು.